ಸೀಸದ ಗಟ್ಟಿ, ಉಣ್ಣೆಯ ಸ್ವೆಟರು

ಸ್ವೆಟರಿನ ಕೊರಳ ಪಟ್ಟಿಯಲ್ಲಿ, ಎಡಗಡೆಗೆ, ಮೆಂತ್ಯದ ಕಾಳಿನಷ್ಟು ಒಂದು ನೀಲಿ ರಬ್ಬರಿನ ಚೂರು ಸಿಕ್ಕಿಕೊಂಡಿದೆ. ಕರಿ ಉಣ್ಣೆ, ಒರಟು ಎಳೆ. ಚೂರು ಎಳೆಗಳ ನಡುವೆ ಹೊಕ್ಕು ಗಟ್ಟಿಯಾಗಿ ಕುಳಿತಿದೆ. ಸೂಜಿಯಿಂದ ತೆಗೆಯಬಹುದು. ತೆಗೆದಿಲ್ಲ. ಮಾಗಿ ಶುರುವಾಗಿ ಟ್ರಂಕಿನಿಂದ ಸ್ವೆಟರು ಹೊರಗೆ ಬಂದಾಗಲೆಲ್ಲ ಆ ಚೂರಿನ ಮೇಲೆ ಬೆರಳಾಡಿಸುತ್ತೇನೆ, ಮತ್ತು ಪ್ರತಿ ಸಲವೂ ನನಗೆ ಹೊಸದಾಗಿ ಸಿಟ್ಟು ಬರುತ್ತದೆ.

ಸಿಟ್ಟು ನನ್ನ ಸ್ವಭಾವವಲ್ಲ ಎಂದು ನನ್ನ ಪರಿಚಯದವರು ಹೇಳುತ್ತಾರೆ. ಅವರಿಗೆ ಗೊತ್ತಿಲ್ಲ. ಬರುತ್ತದೆ, ತೋರಿಸುವುದಿಲ್ಲ ಅಷ್ಟೇ. ಗೋಕಾಕದ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಹಿಂದಿನ ಬೆಂಚಿನವರು ಮೊಬೈಲು ನೋಡುವಾಗಲೂ ನನ್ನ ದನಿ ಏರುವುದಿಲ್ಲ. ಆದರೆ ಈ ಒಂದು ವಿಷಯದಲ್ಲಿ ಸಿಟ್ಟು ಇಳಿಯದೆ ಹಾಗೇ ಉಳಿದಿದೆ. ಬರೆದರೆ ಇಳಿದೀತೇ ಎಂದು ಕುಳಿತಿದ್ದೇನೆ.

ಸ್ವೆಟರು ಹೆಣೆದವಳು ನನ್ನ ಅತ್ತಿ, ಅಪ್ಪನ ಅಕ್ಕ. ಇರುವುದು ಬೆಲ್ಲದ ಬಾಗೇವಾಡಿಯಲ್ಲಿ. ನಮ್ಮದು ಮೂಡಲಗಿ ಕಡೆಯ ಕುರಿ ಕಾಯುವ ಮನೆತನ. ಕಂಬಳಿಗೆಂದು ನೂತ ನೂಲಿನಲ್ಲಿ ಒಂದಿಷ್ಟು ಎತ್ತಿಟ್ಟುಕೊಂಡು, ಟಿವಿ ನೋಡುತ್ತ, ಅಳತೆ ಗಿಳತೆ ಇಲ್ಲದೆ ಅವಳು ಇದನ್ನು ಹೆಣೆದಳು. ತೊಟ್ಟರೆ ಮೈಯೆಲ್ಲ ಕೆರೆತ. ಬೆಚ್ಚಗಿರುತ್ತದೆ ಎನ್ನುವುದಕ್ಕಿಂತ, ಕೆರೆದುಕೊಳ್ಳುವ ಕೆಲಸದಲ್ಲಿ ಚಳಿ ಮರೆತುಹೋಗುತ್ತದೆ ಎನ್ನುವುದು ಹೆಚ್ಚು ಸರಿ.

ನಮ್ಮ ಮನೆತನದವರಿಗೆ ಚಳಿಯ ವಿಷಯದಲ್ಲಿ ಒಂದು ವಿಚಿತ್ರ ನಡಾವಳಿ ಇದೆ. ತನಗೆ ಚಳಿಯಾಗಿದೆ ಎಂದು ಯಾರೂ ಒಪ್ಪುವುದಿಲ್ಲ. ಎದುರಿಗಿರುವವರಿಗೆ ಚಳಿಯಾಗಿಲ್ಲ ಎಂಬುದನ್ನೂ ಒಪ್ಪುವುದಿಲ್ಲ. ಬಯಲಿನಲ್ಲಿ ಕುರಿ ತರುಬಿ ಮಲಗಿದ ಕಾಕಾ, ಅಪ್ಪನ ತಮ್ಮ, ಬೆಳಿಗ್ಗೆ ಹಲ್ಲು ಕಟಕಟ ಎನ್ನುತ್ತಿದ್ದರೂ "ಏನ್ ಥಂಡಿ? ಎಲ್ಲೈತಿ ಥಂಡಿ?" ಎಂದು ಕೇಳುತ್ತ, ತನ್ನ ಕಂಬಳಿ ತೆಗೆದು ನನ್ನ ತಲೆಯ ಮೇಲೆ ಹೊದಿಸುತ್ತಿದ್ದ. ಬಾಲ್ಯದ ಅರ್ಧ ಬೆಳಗುಗಳನ್ನು ನಾನು ಕಂಬಳಿಯ ಒಳಗಿನ ಕತ್ತಲೆಯಲ್ಲಿ, ಹೊಗೆ ಮತ್ತು ಕುರಿಹಾಲಿನ ವಾಸನೆಯಲ್ಲಿ, ಯಾರೋ ನನಗಾಗಿ ತೀರ್ಮಾನಿಸಿದ ಚಳಿಯನ್ನು ಅನುಭವಿಸುತ್ತ ಕಳೆದಿದ್ದೇನೆ.

ಈ ಸ್ವೆಟರನ್ನು ನಾನು ಹಿಡಕಲ್ ಜಲಾಶಯದ ನೀರಿನೊಳಗೆ ತೊಟ್ಟಿದ್ದೆ ಎಂದರೆ ನೀವು ನಗುತ್ತೀರಿ. ನಗಿ. ಅಂದು ದಂಡೆಯಲ್ಲಿದ್ದವರೆಲ್ಲ ನಕ್ಕಿದ್ದಾರೆ.

ಆಗಿದ್ದು ಇಷ್ಟು. ಹೊಳೆ ಉಕ್ಕಿ ಬಂದಾಗ, ಯಾರಾದರೂ ನೀರಿಗೆ ಬಿದ್ದಾಗ ನಮ್ಮ ಭಾಗದವರೇ ಇಳಿದು ಹುಡುಕುವಂತಾಗಲಿ ಎಂದು ಒಂದು ತಂಡ ಕಟ್ಟಲು ಹೊರಟಿದ್ದರು. ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ಮುಳುಗುವುದನ್ನು ಕಲಿಸಲು ಹಿನ್ನೀರಿನಲ್ಲಿ ಶಿಬಿರ. ನಾನು ಹೆಸರು ಕೊಟ್ಟೆ. ಏಕೆ ಎಂದು ಮನೆಯಲ್ಲಿ ಕೇಳಿದರು. ಈಜು ಬರುತ್ತದೆ, ರಜೆ ಇದೆ ಎಂದೆ. ಎರಡೂ ನಿಜ, ಕಾರಣ ಮಾತ್ರ ಬೇರೆ.

ಕಲಿಸಲು ಕರಾವಳಿಯಿಂದ ಒಬ್ಬ ಸರ್ ಬಂದಿದ್ದರು. ಒಳ್ಳೆಯ ಮನುಷ್ಯ, ಅದೇ ತೊಂದರೆ. ಕೆಟ್ಟವರಾಗಿದ್ದರೆ ಜಗಳವಾಡಿ ಮುಗಿಸಬಹುದಿತ್ತು. ಮೊದಲ ದಿನವೇ ಅವರು ಎಲ್ಲರ ಮುಂದೆ, ನನ್ನೊಬ್ಬಳನ್ನೇ ನೋಡಿ, ಬಹಳ ಪ್ರೀತಿಯಿಂದ ಹೇಳಿದರು: "ಹೆದರಬೇಡಿ ಮಾರಾಯ್ರೆ. ನಿಮ್ಮ ಕಡೆ ನೀರೇ ಇಲ್ಲವಲ್ಲ, ಅದಕ್ಕೆ ಸ್ವಲ್ಪ ಭಯ ಇರ್ತದೆ. ನಾವು ಹುಟ್ಟಿದ್ದೇ ನೀರಲ್ಲಿ."

ನಮ್ಮ ಕಡೆ ನೀರಿಲ್ಲವಂತೆ! ಎಲ್ಲಿ ನಿಂತು ಹೇಳುತ್ತಿದ್ದಾರೆ? ಆಚೆ ದಂಡೆ ಕಾಣದಷ್ಟು ಅಗಲದ ನೀರಿಗೆ ಬೆನ್ನು ಮಾಡಿ ನಿಂತು. ಅದೇ ಘಟಪ್ರಭೆ ಗೋಕಾಕ ಫಾಲ್ಸಿನಲ್ಲಿ ಬಂಡೆಯಿಂದ ಧುಮುಕುವಾಗ ಗಿರಣಿಯ ಕ್ವಾರ್ಟರ್ಸಿನ ಕಿಟಕಿಗಳು ನಡುಗುತ್ತವೆ. ಅದೇ ಹೊಳೆ ಸೊಕ್ಕಿದ ವರ್ಷ ಗೋಕಾಕದ ಪೇಟೆಗೇ ಬಂದು ಅಂಗಡಿಗಳ ಶಟರು ತಟ್ಟುತ್ತದೆ. ನಾನು ಮಹಡಿಯ ಮೇಲೆ ನಿಂತು, ಕೆಳಗೆ ರಸ್ತೆಯಲ್ಲಿ ಪ್ಲಾಸ್ಟಿಕ್ ಕುರ್ಚಿಗಳು ಸಾಲಾಗಿ ತೇಲಿ ಹೋಗುವುದನ್ನು ನೋಡಿದವಳು. ನೀರಿಲ್ಲ! ಇಷ್ಟೆಲ್ಲ ಮನಸ್ಸಿನಲ್ಲಿ ಹೇಳಿಕೊಂಡು, ಬಾಯಲ್ಲಿ "ಹೂಂ ಸರ್" ಎಂದೆ.

ಆಮೇಲೆ ತೂಕ. ಮುಳುಗುವವರು ಸೊಂಟಕ್ಕೆ ಸೀಸದ ಗಟ್ಟಿಗಳನ್ನು ಪೋಣಿಸಿದ ಬೆಲ್ಟು ಕಟ್ಟಿಕೊಳ್ಳಬೇಕು. ಮನುಷ್ಯನ ಮೈ ತೇಲುತ್ತದೆ, ಮೈ ಬೆಚ್ಚಗಿಡುವ ರಬ್ಬರ್ ಅಂಗಿ ಇನ್ನೂ ಹೆಚ್ಚು ತೇಲುತ್ತದೆ. ಅದನ್ನು ಸರಿದೂಗಿಸಲು ಸೀಸ. ಎಷ್ಟು ಎನ್ನುವುದು ಲೆಕ್ಕದ ಮಾತು. ಸರ್ ಲೆಕ್ಕ ಮಾಡಲಿಲ್ಲ. ನನ್ನನ್ನು ಅಡಿಯಿಂದ ಮುಡಿಯವರೆಗೆ ಒಂದು ಸಲ ನೋಡಿ, ಸೀಸದ ಪೆಟ್ಟಿಗೆಯ ಹತ್ತಿರ ಇದ್ದವರಿಗೆ ಒಂದು ಸಂಖ್ಯೆ ಕೂಗಿದರು.

ಮೂಡಲಗಿಯ ಸಂತೆಯಲ್ಲಿ ನಮ್ಮ ಕಾಕಾ ಟಗರು ಕೊಳ್ಳುವುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಬೆನ್ನ ಮೇಲೆ ಅಂಗೈ ಇಡುತ್ತಾನೆ, ಹೆಬ್ಬೆರಳಿನಿಂದ ಸೊಂಟ ಒತ್ತುತ್ತಾನೆ, ಬಾಯಿ ತೆರೆಸಿ ಹಲ್ಲು ನೋಡುತ್ತಾನೆ, ಎತ್ತಿ ಇಳಿಸುತ್ತಾನೆ, ಆಮೇಲೆ ಬೀಡಿ ಹಚ್ಚಿ ಯೋಚಿಸುತ್ತಾನೆ. ಒಂದು ಟಗರಿಗೆ ಸಲ್ಲುವ ಮರ್ಯಾದೆ ನನಗೆ ಸಲ್ಲಲಿಲ್ಲ. ಮುಂದೆ ಕಾಕಾನಿಗೆ ಇದನ್ನು ಹೇಳಿದಾಗ ಅವನಿಗೂ ಅಪಮಾನವಾಯಿತು, ಆದರೆ ಬೇರೆ ಕಾರಣಕ್ಕೆ: "ಬರೇ ಕಣ್ಣಿಲೆ ನೋಡಿ ತೂಕ ಹೇಳಿದ್ನಾ? ಏಟ್ ಹೇಳಿದಾ? ಅಲ್ಲ, ಖರೆ ಬಂತಾ?"

ಖರೆ ಬರಲಿಲ್ಲ. ಅದಕ್ಕೆ ಸ್ವೆಟರೂ ಕಾರಣ ಎಂದು ಇಲ್ಲಿ ಒಪ್ಪಿಕೊಂಡುಬಿಡುತ್ತೇನೆ.

ಶಿಬಿರದ ದಿನಗಳಲ್ಲಿ ನಾನು ಅತ್ತಿಯ ಮನೆಯಲ್ಲಿದ್ದೆ. ಮೊದಲ ದಿನ ಬೆಳಿಗ್ಗೆ ಹೊರಟವಳನ್ನು ಹೊಸ್ತಿಲಲ್ಲಿ ತಡೆದಳು.

"ಇದನ್ನ ಹಾಕ್ಕೊಂಡ ನಡಿ."

"ಅತ್ತಿ, ಅಲ್ಲಿ ರಬ್ಬರ್ ಅಂಗಿ ಕೊಡ್ತಾರ. ಬೆಚ್ಚಗ ಇರತೈತಿ."

"ರಬ್ಬರ ಎಲ್ಲೆರ ಬೆಚ್ಚಗ ಇರತೈತೇನವಾ? ನಿಮ್ಮ ಕಾಕಾನ ಚಪ್ಪಲಿನೂ ರಬ್ಬರೇ. ಮಾಗ್ಯಾಗ ಮುಂಜಾನೆದ್ದ ಅದರಾಗ ಕಾಲಿಟ್ಟ ನೋಡು, ಜೀವ ಹೋಗತೈತಿ. ಥಂಡಿ ಕೊರಳಾಗಿಂದ ಇಳದು ಎದ್ಯಾಗ ಕುಂದರತೈತಿ. ಒಳಗ ಉಣ್ಣಿ ಇರಬೇಕು, ಮ್ಯಾಲೆ ಬೇಕಾದ್ದ ಹಾಕ್ಕೋ."

ಎಂ.ಎಸ್ಸಿ. ಮುಗಿಸಿದವಳು ಈ ಮಾತು ಕೇಳಿದೆನೇ? ಕೇಳಿದೆ. ವಾದ ಮಾಡಿದರೆ ಬಸ್ಸು ತಪ್ಪುತ್ತಿತ್ತು ಎಂಬುದು ನೆಪ. ಒಳಗೊಳಗೆ ನನಗೂ ರಬ್ಬರ್ ಅಂಗಿ ಎಂದರೆ ಮಳೆಯ ರೇನ್‌ಕೋಟಿನಂತೆ ನೀರನ್ನು ಹೊರಗಿಡುವ ವಸ್ತು, ಒಳಗೆ ಉಣ್ಣೆ ಒಣಗಿಯೇ ಇರುತ್ತದೆ ಎಂಬ ಭಾವನೆ ಇತ್ತು. ಅದು ಹಾಗಲ್ಲ. ಆ ಅಂಗಿ ನೀರನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ತೆಳ್ಳಗೆ, ಮೈಗೂ ರಬ್ಬರಿಗೂ ನಡುವೆ ಹಾಳೆಯಷ್ಟು ನೀರು. ಅದನ್ನು ಮೈಶಾಖ ಬೆಚ್ಚಗೆ ಮಾಡುತ್ತದೆ, ಆ ನೀರು ಅಲ್ಲೇ ನಿಂತರೆ ನಾವೂ ಬೆಚ್ಚಗಿರುತ್ತೇವೆ. ನಿಲ್ಲಬೇಕಾದರೆ ಅಂಗಿ ಮೈಗೆ ಚರ್ಮದ ಹಾಗೆ ಅಂಟಿರಬೇಕು. ಇದನ್ನು ಯಾರಾದರೂ ಮೊದಲೇ ಹೇಳಬಹುದಿತ್ತು. "ಭಯ ಬಿಡಿ" ಎಂದು ಹತ್ತು ಸಲ ಹೇಳಿದವರು ಇದನ್ನು ಒಂದು ಸಲವೂ ಹೇಳಲಿಲ್ಲ.

ಹೆಂಗಸರಿಗೆಂದು ತಂದ ತೆಳು ಅಂಗಿಯ ಜಿಪ್ಪು ಸ್ವೆಟರಿನ ಮೇಲೆ ಏರಲಿಲ್ಲ. ಸ್ವೆಟರು ಕಾಣದಂತೆ ದುಪಟ್ಟಾ ಹೊದ್ದು ಪರದೆಯ ಹಿಂದಿನಿಂದ "ಇದು ಬಿಗಿ ಆಗತದ" ಎಂದೆ. ದೊಡ್ಡದು ಕೊಟ್ಟರು. ಯಾರೋ ಧಡೂತಿ ಗಂಡಸಿಗೆ ಹೊಲಿದ, ಗಾದಿಯಂಥ ದಪ್ಪ ರಬ್ಬರಿನ ಹಳೆಯ ನೀಲಿ ಅಂಗಿ. ಅಂಚಿನಲ್ಲಿ ಪುಡಿ ಉದುರುತ್ತಿತ್ತು. ತೊಟ್ಟು ನೀರಿಗಿಳಿದರೆ ಮುಳುಗುವ ಮಾತೇ ಇಲ್ಲ. ಬೆಂಡಿನ ಹಾಗೆ ತೇಲಿದೆ. ಸರ್ ಸೀಸ ಹಾಕಿಸಿದರು, ತೇಲಿದೆ. ಇನ್ನಷ್ಟು ಹಾಕಿಸಿದರು. ಕೊನೆಗೆ ಬೆಲ್ಟಿನಲ್ಲಿ ಜಾಗವಿಲ್ಲದೆ ಸಿಲಿಂಡರು ಹೊತ್ತ, ಗಾಳಿ ತುಂಬಿದರೆ ಮೇಲೆತ್ತುವ ಜಾಕೀಟಿನ ಕಿಸೆಗಳಲ್ಲೂ ಗಟ್ಟಿ ತುಂಬಿದ ಮೇಲೆ ಹೇಗೋ ಕೆಳಗೆ ಹೋದೆ. ಹೋದರೆ ಕೊರೆಯುವ ಚಳಿ. ಸ್ವೆಟರಿನ ಪಟ್ಟಿ ಕೊರಳ ಹತ್ತಿರ ರಬ್ಬರನ್ನು ಎತ್ತಿ ಹಿಡಿದು ಸಣ್ಣ ಕಾಲುವೆ ಮಾಡಿಕೊಟ್ಟಿತ್ತು. ಬೆನ್ನಗುಂಟ ಹೊಸ ನೀರು ಬರುತ್ತಲೇ ಇತ್ತು, ಹೋಗುತ್ತಲೇ ಇತ್ತು. ಥಂಡಿ ಕೊರಳಿನಿಂದ ಇಳಿಯುತ್ತದೆ ಎಂಬ ಅತ್ತಿಯ ಮಾತು ಅಕ್ಷರಶಃ ನಿಜವಾಯಿತು, ಅವಳ ಸ್ವೆಟರಿನಿಂದಲೇ.

ಮೇಲೆ ಬಂದಾಗ ತುಟಿ ನೀಲಿ. "ಚಳಿಯಾ?" ಎಂದು ಸರ್ ಕೇಳಿದರು. ಮನೆತನದ ಮರ್ಯಾದೆ! "ಇಲ್ಲ ಸರ್" ಎಂದೆ. ಜಿಪ್ಪು ಇಳಿಸಲು ಬಂದ ಶಿಬಿರದ ಹೆಂಗಸು ಹಿಂದಿನಿಂದ "ಅಯ್ಯ, ಇದೇನ್ರಿ ಇದು!" ಎಂದು ಕೂಗಿದಳು. ಸೊಂಟದವರೆಗೆ ಜೋತುಬಿದ್ದ ಕರಿ ಉಣ್ಣೆಯಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು. ಘಟಪ್ರಭಾ ಸ್ಟೇಷನ್ನಿನ ಎದುರು ಮೊಬೈಲ್ ಅಂಗಡಿ ಇಟ್ಟ ಮಾರುತಿ ಎಂಬಾತ ನನ್ನ ಜೊತೆ ಕಲಿಯುತ್ತಿದ್ದ. ಅವನಿಗೆ ಹಬ್ಬವಾಯಿತು.

"ಏ, ಮೇಡಂರು ಕುರಿ ಹಾಕ್ಕೊಂಡ ನೀರಿಗೆ ಇಳದಾರ್ರೋ!"

ಎಲ್ಲರೂ ನಕ್ಕರು. ಸರ್ ಕಣ್ಣೊರೆಸಿಕೊಂಡು ನಕ್ಕರು. ನಾನೂ ನಕ್ಕೆ ಅನ್ನಿಸುತ್ತದೆ. ಚಳಿಗೆ ಹಲ್ಲು ಕಂಡಿರಲೂಬಹುದು. ಇದಕ್ಕಲ್ಲ ನನ್ನ ಸಿಟ್ಟು. ನೀರಿಗೆ ಸ್ವೆಟರು ಹಾಕಿಕೊಂಡು ಹೋದವಳನ್ನು ನೋಡಿ ನಗದಿದ್ದರೆ ಅವರು ಮನುಷ್ಯರೇ ಅಲ್ಲ.

ಸಿಟ್ಟು ಎರಡನೆಯ ದಿನದ್ದು.

ಎರಡನೆಯ ದಿನ ಸ್ವೆಟರು ಅತ್ತಿಯ ಹಿತ್ತಲಿನ ತಂತಿಯ ಮೇಲಿತ್ತು. ನನಗೆ ಹೆಂಗಸರ ತೆಳು ಅಂಗಿ ಕೊಟ್ಟರು. ಮೈಗೆ ಸರಿಯಾಗಿ ಅಂಟಿತು. ಆಮೇಲೆ ಸರ್ "ನಿನ್ನೆದೇ ಬೆಲ್ಟು ಕೊಡಿ ಅವರಿಗೆ" ಎಂದರು. ಗಾದಿಯಂಥ ಅಂಗಿಯನ್ನು ಮುಳುಗಿಸಲು ಪೋಣಿಸಿದ ಅಷ್ಟೂ ಸೀಸವನ್ನು ಕಟ್ಟಿಕೊಂಡು, ಕಿಸೆಯದೂ ಸೇರಿ, ನಾನು ನೀರಿಗಿಳಿದೆ.

ಹಿನ್ನೀರಿನ ಆ ಭಾಗದಲ್ಲಿ ಕೆಳಗೆ ಹಳೆಯ ಹೊಲಗಳಿವೆ. ಅಣೆಕಟ್ಟು ಕಟ್ಟಿದಾಗ ಮುಳುಗಿದವು. ಬದುಗಳ ಕಲ್ಲು ಇನ್ನೂ ಸಾಲಾಗಿ ನಿಂತಿದೆ, ಮೇಲೆ ಮೆತ್ತನೆಯ ಕೆಸರು. ಪರೀಕ್ಷೆ ಏನೆಂದರೆ, ಆ ಬದುವಿನ ಮೇಲೆ ಕೆಸರು ಮುಟ್ಟದೆ, ಏಳದೆ, ಬೀಳದೆ ತೂಗಿ ನಿಲ್ಲಬೇಕು. ತಳದಲ್ಲಿ ಹುಡುಕುವವನು ಕೆಸರು ಎಬ್ಬಿಸಿದರೆ ಹುಡುಕುವುದು ಮುಗಿಯಿತು, ಏನೂ ಕಾಣುವುದಿಲ್ಲ. ನಾನು ಬಾವಿಗೆ ಬಿಟ್ಟ ಕೊಡದಂತೆ ನೇರ ಇಳಿದು ಮೊಣಕಾಲಿನವರೆಗೆ ಹೂತುಹೋದೆ. ಸುತ್ತ ಕತ್ತಲೆಯಾಯಿತು. ಗಾಬರಿಯಿಂದ ಜಾಕೀಟಿಗೆ ಗಾಳಿ ತುಂಬಿದೆ, ಮೇಲಕ್ಕೆ ಚಿಮ್ಮಿದೆ. ಗಾಳಿ ಬಿಟ್ಟೆ, ಮತ್ತೆ ಕೆಸರು. ಜೊತೆಯವರು ಒಬ್ಬರನ್ನೊಬ್ಬರು ಕಾಣದೆ ಮೇಲೆ ಬಂದರು.

"ಮೇಲೆ ಬಂದುಬಿಟ್ರಿ ಅಂದ್ರೆ ಭಾರ ಸಾಲದು" ಎಂದು ಸರ್ ಇನ್ನೊಂದು ಗಟ್ಟಿ ಹಾಕಿಸಿದರು!

ಮತ್ತೆ ಅದೇ ಆಯಿತು, ಇನ್ನೂ ಜೋರಾಗಿ. ದಂಡೆಯಲ್ಲಿ ಅವರು ನನ್ನನ್ನು ಪಕ್ಕಕ್ಕೆ ಕರೆದು, ಮಗಳಿಗೆ ಹೇಳುವಂತೆ ಹೇಳಿದರು: "ಇದು ಭಯ ಮಾರಾಯ್ರೆ. ಶರೀರ ಅಲ್ಲ, ಮನಸ್ಸು. ನಾಳೆ ಕೊನೆಯ ದಿನ. ನಾಳೆಯೂ ಹೀಗೆಯೇ ಆದ್ರೆ ಮುಳುಗುವವರ ತಂಡಕ್ಕೆ ನಿಮ್ಮ ಹೆಸರು ಕೊಡ್ಲಿಕ್ಕೆ ಆಗೂದಿಲ್ಲ. ಬೇಜಾರು ಬೇಡ. ದಂಡೆಯಲ್ಲಿ ಹಗ್ಗ ಹಿಡಿಯುವವರೂ ಬೇಕಲ್ಲ? ಅದೂ ದೊಡ್ಡ ಕೆಲಸವೇ."

ಹಗ್ಗ ಹಿಡಿಯುವ ಕೆಲಸ ನಾನು ಮಾಡಿದ್ದೇನೆ. ಓದುವಾಗ ನಮ್ಮ ಹಾಸ್ಟೆಲಿನ ಹುಡುಗಿಯೊಬ್ಬಳು ಫಾಲ್ಸಿನ ಕೆಳಗೆ ಕಾಲು ಜಾರಿ ಹೋದಳು. ಮುಳುಗುವವರು ದೂರದ ಊರಿನಿಂದ ಬರಬೇಕಿತ್ತು. ಅವರು ಬರುವವರೆಗೆ ಈಜು ಬಲ್ಲ ಊರವರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಮಡುವಿನಲ್ಲಿ ತಡಕಾಡಿದರು; ಹಗ್ಗದ ಈ ತುದಿ ಹಿಡಿದವರ ಸಾಲಿನಲ್ಲಿ ನಾನೂ ಇದ್ದೆ. ಅವಳ ತಾಯಿ ಬಂದು ನನ್ನ ಪಕ್ಕದಲ್ಲೇ ಕುಳಿತು, ಸೆರಗನ್ನು ಬಾಯಿಗೆ ಒತ್ತಿಕೊಂಡು, ನೀರನ್ನಷ್ಟೇ ನೋಡುತ್ತಿದ್ದಳು. ಇದಕ್ಕಿಂತ ಹೆಚ್ಚು ಇದರ ಬಗ್ಗೆ ಬರೆಯುವುದಿಲ್ಲ. ದಂಡೆಯಲ್ಲಿ ನಿಲ್ಲುವುದು ದೊಡ್ಡ ಕೆಲಸವೋ ಸಣ್ಣ ಕೆಲಸವೋ, ನನ್ನ ಪಾಲಿಗೆ ಮುಗಿದಿದೆ.

ಸಂಜೆ ಅತ್ತಿಯ ಮನೆಗೆ ಕಾಕಾ ಬಂದಿದ್ದ. ಅತ್ತಿ ರೊಟ್ಟಿ ಬಡಿಯುತ್ತ ಸುದ್ದಿ ಹೇಳಿಯಾಗಿತ್ತು.

"ಬಿಡವಾ ಅತ್ಲಾಗ" ಎಂದ ಕಾಕಾ. "ಅಂಜಿಕಿ ಬಂದಮ್ಯಾಲೆ ಕುರಿನೂ ನೀರಿಗೆ ಇಳಿಯಾಂಗಿಲ್ಲ. ಒದ್ದರೂ ಇಳಿಯಾಂಗಿಲ್ಲ."

"ನನಗ ಅಂಜಿಕಿ ಇಲ್ಲ ಕಾಕಾ."

"ಅಂಜಿಕಿ ಇದ್ದವರೆಲ್ಲ ಹಂಗ ಅಂತಾರ."

"ಇಲ್ಲದವರು ಏನ ಅನಬೇಕು ಮತ್ತ?"

ಕಾಕಾ ಅತ್ತಿಯ ಮುಖ ನೋಡಿದ. "ಏನೋ ಆಗೇತಿ ಇಕೀಗಿ. ಹಿಂಗ ಎದುರ ಮಾತಾಡಾಕಿ ಅಲ್ಲ."

"ಥಂಡಿ ತಲಿಗೆ ಏರೇತಿ" ಎಂದಳು ಅತ್ತಿ. "ಸ್ವೆಟರ್ ಹಾಕ್ಕೊಂಡಿದ್ದರ ಇದೆಲ್ಲಾ ಆಗತಿರಲಿಲ್ಲ."

ನಾನು ಎದ್ದು ಹಿತ್ತಲಿಗೆ ಹೋದೆ. ಕಾಕಾನ ಕುರಿಯ ಮಾತು ಮಾತ್ರ ತಲೆಯಲ್ಲಿ ಉಳಿಯಿತು, ಅವನು ಹೇಳಿದ ಅರ್ಥದಲ್ಲಲ್ಲ. ಉಣ್ಣೆ ಕತ್ತರಿಸುವ ಮೊದಲು ಮೂಡಲಗಿ ಕಡೆಯ ಕಾಲುವೆಯಲ್ಲಿ ಕುರಿ ತೊಳೆಯುತ್ತಿದ್ದರು. ಗಂಡಸರು ಎದೆಮಟ್ಟ ನೀರಿನಲ್ಲಿ ನಿಂತು ಒಂದೊಂದನ್ನೇ ಒಳಗೆ ಎಳೆದುಕೊಳ್ಳುವರು; ನಾವು ಹುಡುಗಿಯರು ದಂಡೆಯ ಮೇಲೆ ನಿಂತು ಕಿರುಚುವುದು. ಉಣ್ಣೆ ತುಂಬಿದ ಕುರಿ ನೀರಿಗೆ ಬಿದ್ದ ಕೂಡಲೇ ಹತ್ತಿ ತುಂಬಿದ ಚೀಲದ ಹಾಗೆ ಬೆನ್ನೆಲ್ಲ ಮೇಲೆ ಇಟ್ಟುಕೊಂಡು ತೇಲುತ್ತಿತ್ತು. ಒಮ್ಮೆ ಆಗಲೇ ಉಣ್ಣೆ ಕತ್ತರಿಸಿದ್ದ ಒಂದು ಟಗರು ಗುಂಪಿನ ಹಿಂದೆ ಹಾರಿಬಿಟ್ಟಿತು. ಅದರದು ಮೂಗು ಮಾತ್ರ ಮೇಲೆ. ಅದಕ್ಕೆ ಭಯ ಹೆಚ್ಚು ಎಂದು ಯಾರೂ ಹೇಳಲಿಲ್ಲ. ಉಣ್ಣೆ ಇರಲಿಲ್ಲ, ಅಷ್ಟೇ.

ಅಂಗಿ ಬದಲಾಗಿದೆ. ಸೀಸ ಬದಲಾಗಿಲ್ಲ.

ತಂತಿಯ ಮೇಲಿನ ಸ್ವೆಟರು ಹಿಡಿದು ನಿಂತು ನನ್ನ ಮೇಲೆಯೇ ಕುದಿದೆ. ತೇಲುವ ವಸ್ತುಗಳ ಪಾಠವನ್ನು ವರ್ಷಕ್ಕೊಮ್ಮೆ ಬೋರ್ಡಿನ ಮೇಲೆ ಬಾಣದ ಗುರುತು ಹಾಕಿ ಕಲಿಸುವವಳು, ನನ್ನದೇ ಮೈಮೇಲೆ ಆ ಬಾಣ ಕಾಣದೆ, ಒಂದಿಡೀ ದಿನ "ಇದು ಭಯವೇ ಇರಬಹುದು" ಎಂದು ನಂಬಿಕೊಂಡಿದ್ದೆ. ಎಲ್ಲರೂ ಪ್ರೀತಿಯಿಂದ ಹೇಳಿದರು, ಅದಕ್ಕೇ ನಂಬಿದೆ. ಒಳಗೆ ಬಂದು ಶಿಬಿರದವರು ಕೊಟ್ಟ ಪುಸ್ತಕ ತೆರೆದರೆ, ಅಂಗಿ ಬದಲಾದಾಗಲೆಲ್ಲ ಭಾರವನ್ನು ಮತ್ತೆ ನೋಡಬೇಕೆಂದು ಸ್ಪಷ್ಟವಾಗಿ ಅಚ್ಚಾಗಿತ್ತು. ಅದರ ಕೆಳಗೆ ಇನ್ನೊಂದು ಸಾಲು: ಸಿಹಿನೀರಿನಲ್ಲಿ ಉಪ್ಪುನೀರಿಗಿಂತ ಕಡಿಮೆ ಸೀಸ ಸಾಕು. ಸರ್ ಸಮುದ್ರದ ಲೆಕ್ಕವನ್ನೇ ಹಿಡಕಲ್ಲಿಗೆ ತಂದಿದ್ದರು. ನಮ್ಮ ಕಡೆ ನೀರಿಲ್ಲ ಎಂದವರಿಗೆ ನಮ್ಮ ನೀರು ಯಾವುದು ಎಂದು ನೋಡುವ ಪುರುಸೊತ್ತೂ ಇರಲಿಲ್ಲ.

ಮರುದಿನ ಬೆಳಿಗ್ಗೆ ನಾನು ಎಲ್ಲರಿಗಿಂತ ಮೊದಲು ದಂಡೆಗೆ ಹೋದೆ. ತೆಳು ಅಂಗಿ ತೊಟ್ಟು, ಕೊರಳ ಪಟ್ಟಿಯ ಸುತ್ತ ಬೆರಳಾಡಿಸಿ ಎಲ್ಲೂ ಸಡಿಲವಿಲ್ಲ ಎಂದು ನೋಡಿಕೊಂಡೆ. ದೋಣಿ ನೀರೊಳಗಿನ ಬದುವಿನ ಮೇಲೆ ಬಂದು ನಿಂತಾಗ ಸರ್ ನಿನ್ನೆಯ ಬೆಲ್ಟು ಎತ್ತಿದರು.

"ಸರ್, ಮೊದಲ ದಿನದ ಅಂಗಿ ಬ್ಯಾರೆ, ಇದು ಬ್ಯಾರೆ. ಸೀಸಾ ಮತ್ತ ನೋಡಬೇಕ್ರಿ."

"ಅದೆಲ್ಲ ನಾನು ನೋಡಿದ್ದೇನೆ. ಭಯ ಇರುವವರಿಗೆ ಸ್ವಲ್ಪ ಹೆಚ್ಚು ಭಾರವೇ ಒಳ್ಳೇದು."

"ನೀರಾಗ ನೋಡೂಣ್ರಿ."

ಬೆಲ್ಟು ಕಟ್ಟಿಕೊಂಡು ಇಳಿದು ದೋಣಿಯ ಅಂಚು ಹಿಡಿದೆ. ಜಾಕೀಟಿನ ಗಾಳಿ ಪೂರ್ತಿ ಬಿಟ್ಟೆ. ಅರ್ಧ ಉಸಿರು ಹಿಡಿದು, ಕೈಕಾಲು ಆಡಿಸದೆ, ಅಂಚು ಬಿಟ್ಟೆ, ಕಲ್ಲಿನಂತೆ ಹೋದೆ. ದೋಣಿಯಿಂದ ಇಳಿಬಿಟ್ಟ ಹಗ್ಗ ಹಿಡಿದು ಮೇಲೆ ಬಂದು ಕಿಸೆಯಿಂದ ಒಂದು ಗಟ್ಟಿ ತೆಗೆದು ದೋಣಿಯ ಹಲಗೆಯ ಮೇಲಿಟ್ಟೆ.

"ಏನ್ ಮಾಡಾಕತ್ತೀರಿ ಮೇಡಂ? ಸಂತಿ ಹಚ್ಚೀರೇನು?" ಎಂದ ಮಾರುತಿ.

ಮತ್ತೆ ಬಿಟ್ಟೆ, ಮತ್ತೆ ಹೋದೆ. ಇನ್ನೊಂದು ಗಟ್ಟಿ. ಸರ್ "ಸಾಕು, ಸಾಕು" ಎಂದರು. ಇನ್ನೊಂದು ತೆಗೆದೆ. ಹಲಗೆಯ ಮೇಲೆ ಗಟ್ಟಿಗಳು ಸಾಲಾದವು. ಕೊನೆಗೊಮ್ಮೆ ಅಂಚು ಬಿಟ್ಟಾಗ ನೀರು ಕಣ್ಣಿನ ಮಟ್ಟಕ್ಕೆ ಬಂದು ನಿಂತಿತು. ನಾನು ಏಳಲಿಲ್ಲ, ಇಳಿಯಲಿಲ್ಲ. ಅರ್ಧ ಕಣ್ಣಿಗೆ ಆಕಾಶ, ಅರ್ಧ ಕಣ್ಣಿಗೆ ಹಸಿರು ನೀರು. ಉಸಿರು ಬಿಟ್ಟೆ, ನೀರು ಮೆಲ್ಲಗೆ ತಲೆಯ ಮೇಲೆ ಮುಚ್ಚಿಕೊಂಡಿತು.

ಹಗ್ಗದ ಗುಂಟ ಕೆಳಗಿಳಿದೆ. ಬೆನ್ನಿನಲ್ಲಿದ್ದ ನೀರು ಬೆಚ್ಚಗಾಗಿ ಅಲ್ಲೇ ನಿಂತಿತ್ತು. ಬದುವಿನ ಕಲ್ಲುಗಳು ಒಂದೊಂದಾಗಿ ಕಂಡವು. ಅದರ ಮೇಲೆ ಮೊಳದಷ್ಟು ಎತ್ತರದಲ್ಲಿ ತೂಗಿ ನಿಂತೆ. ಉಸಿರು ಎಳೆದರೆ ತುಸು ಮೇಲೆ, ಬಿಟ್ಟರೆ ತುಸು ಕೆಳಗೆ. ಕೆಸರು ಮಲಗಿದ್ದಲ್ಲೇ ಮಲಗಿತ್ತು. ಯಾರೋ ಉತ್ತು ಬಿಟ್ಟುಹೋದ ಹೊಲ ಬದುವಿನ ಆಚೆಗೂ ಹಬ್ಬಿತ್ತು, ಕಣ್ಣು ಹೋಗುವಷ್ಟು ದೂರ ಸ್ವಚ್ಛವಾಗಿ. ಇಂಥ ನೀರಿನಲ್ಲಿ ಹುಡುಕಬಹುದು ಎಂದುಕೊಂಡೆ.

ಮೇಲೆ ಬಂದಾಗ ಸರ್ ದೋಣಿಯಿಂದ ಬಾಗಿ ಮುಖವೆಲ್ಲ ನಗೆ ಮಾಡಿಕೊಂಡಿದ್ದರು. "ಭಾರೀ ಚಂದ ನಿಂತ್ರಿ! ಹೆಸರು ಕೊಡ್ತೇನೆ, ಖಂಡಿತ ಕೊಡ್ತೇನೆ. ನೋಡಿ, ನಾನು ಹೇಳಿದ್ದೇ ಅಲ್ವಾ? ಭಯ ಹೋಯ್ತು ನೋಡಿ!"

ನಾನು ಬಾಯಿಯಿಂದ ಗಾಳಿಯ ನಳಿಕೆ ತೆಗೆದೆ.

"ಹೋಗಿಲ್ರಿ ಸರ್, ಅಲ್ಲೇ ಹಲಗಿ ಮ್ಯಾಲೆ ಐತಿ" ಎಂದೆ. "ತೂಗಿ ನೋಡ್ರಿ."

ಮಾರುತಿ ಬಿದ್ದು ಬಿದ್ದು ನಕ್ಕ. ಸರ್ ಹಲಗೆಯ ಕಡೆ ನೋಡಿದರು. ಅವರು ಏನು ಹೇಳಿದರೋ ಕೇಳಲಿಲ್ಲ; ನಾನು ಆಗಲೇ ನಳಿಕೆ ಕಚ್ಚಿ, ಉಸಿರು ಬಿಟ್ಟು, ಎರಡನೆಯ ಸಲ ಇಳಿಯುತ್ತಿದ್ದೆ.